ಹತ್ತಕ್ಕೆ ಎಷ್ಟು ತುರಿಕೆ

"ಎರಡೇ ದಿನಕ್ಕೆ ನಾಲ್ಕು ಕೆಜಿ! ನೀನೇನು ಹೆಂಗಸೋ, ನೀರಿನ ಟ್ಯಾಂಕೋ?"

ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ತೂಕದ ಯಂತ್ರದ ಮೇಲೆ ನಿಂತಿದ್ದ ಗೂಡಿನಕ್ಕ ಸೆರಗು ಸರಿಮಾಡಿಕೊಂಡಳು. ಸಿಸ್ಟರ್ ಬಾಯಿ ದೊಡ್ಡದು. ಅವಳು ಬೈದರೆ ಹನ್ನೊಂದು ಕುರ್ಚಿಗೂ ಕೇಳಬೇಕು, ಇಲ್ಲದಿದ್ದರೆ ಬೈದ ಹಾಗೆ ಆಗುವುದಿಲ್ಲ. ಕಿಡ್ನಿ ಕೆಟ್ಟವರು ದಿನಕ್ಕೆ ಮುಕ್ಕಾಲು ಲೀಟರ್ ನೀರಿನಲ್ಲಿ ಸುಧಾರಿಸಬೇಕು, ಒಂದು ಗುಟುಕು ಹೆಚ್ಚಾದರೂ ಅದು ಮೈಯಲ್ಲೇ ಉಳಿದುಬಿಡುತ್ತದೆ ಎಂಬುದು ಗೂಡಿನಕ್ಕನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಇಟ್ಟಿಗೆ ಗೂಡಿನ ಬೆಂಕಿ ಬಾಯಿಯ ಮುಂದೆ ನಿಂತು ಮುಕ್ಕಾಲು ಲೀಟರಿನಲ್ಲಿ ದಿನ ತಳ್ಳುವುದು ಹೇಗೆಂದು ತೋರಿಸಿಕೊಡಲು ಯಾವ ಸಿಸ್ಟರೂ ಯಾವ ಡಾಕ್ಟರೂ ಇದುವರೆಗೆ ಆ ಕಡೆ ತಲೆ ಹಾಕಿರಲಿಲ್ಲ.

"ಬಾಯಿ ಒಣಗುತ್ತಮ್ಮಾ," ಎಂದಳು.

"ಒಣಗಿದ್ರೆ ಒಣಗ್ಲಿ. ಇಳಿ ಕೆಳಗೆ. ಮುಂದಿನೋರು ಯಾರು?"

ಮುಂದಿನವನು ಡ್ರೈವರಣ್ಣ. ಮೂವತ್ತು ವರ್ಷ ಲಾರಿ ಓಡಿಸಿದವನಿಗೆ ಈಗ ಗೇಣುದ್ದದ ತೂಕದ ಯಂತ್ರ ಹತ್ತಲು ಯಾರಾದರೂ ಕೈ ಕೊಡಬೇಕು. ಗೂಡಿನಕ್ಕ ಕೈ ಕೊಟ್ಟಳು.

"ನನಗೂ ಒಂದೆರಡು ಬೈಯಮ್ಮ ಸಿಸ್ಟರ್. ಅಕ್ಕನಿಗೊಬ್ಬಳಿಗೇ ಯಾಕೆ ಅಷ್ಟು ಮರ್ಯಾದೆ?" ಎಂದ. ಹನ್ನೊಂದು ಕುರ್ಚಿಯವರೂ ನಕ್ಕರು.

ವಾರಕ್ಕೆ ಎರಡು ಸಲ, ಮಂಗಳವಾರ ಒಂದು, ಗುರುವಾರ ಒಂದು, ರಕ್ತ ತೊಳೆದು ಕಳಿಸುವುದು ಸರ್ಕಾರದ ಉಪಕಾರ. ಆ ಉಪಕಾರದಲ್ಲಿ ಮನುಷ್ಯ ಸಾಯುವುದಿಲ್ಲ, ಬದುಕುವುದೂ ಇಲ್ಲ. ಭಾನುವಾರದ ಹೊತ್ತಿಗೆ ಗೂಡಿನಕ್ಕನ ಎದೆಯಲ್ಲಿ ನೀರು ತುಂಬಿಕೊಂಡು, ಮಲಗಿದರೆ ಕೆರೆಯಲ್ಲಿ ಮುಳುಗಿದ ಹಾಗಾಗಿ, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಪಕ್ಕದಲ್ಲಿ ಮಗಳೂ ಕೂತಿರುತ್ತಿದ್ದಳು, ಅಮ್ಮನ ಉಸಿರು ಎಣಿಸಿಕೊಂಡು. ಆರು ತಿಂಗಳ ಹಿಂದೆ ದೊಡ್ಡ ಡಾಕ್ಟರು ಒಂದು ಸ್ಟಡಿ, ಅಂದರೆ ಹೊಸ ಔಷಧಿಯ ಪರೀಕ್ಷೆ, ತಂದರು. ಅದಕ್ಕೆ ಸೇರಿದವರಿಗೆ ಶನಿವಾರ ಮೂರನೇ ಸಲ, ಔಷಧಿ ಕಂಪನಿಯ ಖರ್ಚಿನಲ್ಲಿ. ಆ ವಾರವೇ ಗೂಡಿನಕ್ಕ ಚಾಪೆಯ ಮೇಲೆ ಕಾಲು ಚಾಚಿ ಮಲಗಿದಳು. ಮಲಗುವುದು ಎಂಥ ಭಾಗ್ಯ ಎಂದು ದಿನಾ ಮಲಗಿ ಏಳುವವರಿಗೆ ತಿಳಿಯುವುದಿಲ್ಲ ಬಿಡಿ.

ಸ್ಟಡಿ ತುರಿಕೆಯದು. ಕಿಡ್ನಿ ಕೆಟ್ಟವರ ತುರಿಕೆ ಸೊಳ್ಳೆ ಕಚ್ಚಿದ ತುರಿಕೆಯಲ್ಲ. ಅದು ಚರ್ಮದ ಒಳಗಡೆ ಇರುತ್ತದೆ, ಉಗುರು ಹೊರಗಡೆ ಇರುತ್ತದೆ. ಎಷ್ಟು ಕೆರೆದರೂ ಒಂದಕ್ಕೊಂದು ಸಿಗುವುದಿಲ್ಲ. ಗೂಡಿನಕ್ಕನ ಮಗಳು ಅಮ್ಮನ ಎರಡೂ ಕೈಗೆ ಹಳೆಯ ಕಾಲುಚೀಲ ಹಾಕಿ ದಾರ ಕಟ್ಟುತ್ತಿದ್ದಳು. ಡ್ರೈವರಣ್ಣ ಬಾಚಣಿಗೆ ಇಟ್ಟುಕೊಂಡಿದ್ದ, ತಲೆಯಲ್ಲಿ ಕೂದಲಿಲ್ಲದಿದ್ದರೂ.

ಕಂಪನಿಯ ಪರವಾಗಿ ಬರುತ್ತಿದ್ದವಳು ಸದಾ ಎದೆಗೆ ಫೈಲು ಅವಚಿಕೊಂಡಿರುತ್ತಿದ್ದ ಒಬ್ಬ ಹುಡುಗಿ. ಫೈಲಿನ ಮೇಡಂ ಎಂದೇ ಎಲ್ಲರೂ ಕರೆಯುತ್ತಿದ್ದರು. ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದಿನ ಅವಳು ಒಂದೇ ಉಸಿರಿಗೆ ಓದಿದ್ದಳು: "ಅರ್ಧ ಜನಕ್ಕೆ ಔಷಧಿ ಇರೋ ಮಾತ್ರೆ. ಇನ್ನರ್ಧ ಜನಕ್ಕೆ ನೋಡೋಕೆ ಹಾಗೇ ಇರೋ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ."

ಓದಿದವರ ಜಾಣತನ ನೋಡಿ. ಹತ್ತೇ ದಿನಕ್ಕೆ ಹನ್ನೊಂದು ಜನಕ್ಕೂ ಗೊತ್ತಾಗಿಹೋಯಿತು. ಆರು ಜನ ನಿದ್ದೆ ಮಾಡಿದರು, ಐದು ಜನ ಕೆರೆದುಕೊಂಡರು. ನಿದ್ದೆ ಮಾಡಿದವರದು ಔಷಧಿ, ಕೆರೆದುಕೊಂಡವರದು ಹಿಟ್ಟು. ಇದಕ್ಕೆ ಕಾಲೇಜು ಮೆಟ್ಟಿಲು ಹತ್ತಬೇಕೇ? ಆದರೂ ಫೈಲಿನ ಮೇಡಂ ವಾರಕ್ಕೊಮ್ಮೆ ಕುರ್ಚಿಯಿಂದ ಕುರ್ಚಿಗೆ ಹೋಗಿ ಕೇಳುತ್ತಿದ್ದಳು: "ಹತ್ತಕ್ಕೆ ಎಷ್ಟು ತುರಿಕೆ?" ಸೊನ್ನೆ ಅಂದರೆ ಇಲ್ಲ, ಹತ್ತು ಅಂದರೆ ತಡೆಯಲಾರೆ. ಗೂಡಿನಕ್ಕ ಎರಡು ಅನ್ನುತ್ತಿದ್ದಳು. ಬಾಗಿಲ ಪಕ್ಕದ ಕುರ್ಚಿಯ ಟೈಲರ್ ಒಂದು ಅನ್ನುತ್ತಿದ್ದ, ಹೆಮ್ಮೆಯಿಂದ. ಡ್ರೈವರಣ್ಣನದು ಒಂಬತ್ತು. ಮೇಡಂ ಮೂರನ್ನೂ ಒಂದೇ ಮುಖದಲ್ಲಿ ಬರೆದುಕೊಳ್ಳುತ್ತಿದ್ದಳು.

ಒಂದು ದಿನ ಡ್ರೈವರಣ್ಣ ಎದ್ದಾಗ ಕುರ್ಚಿಯ ಬೆನ್ನಿಗೆ ರಕ್ತ ಮೆತ್ತಿಕೊಂಡಿತ್ತು. "ಥೂ, ಗಲೀಜು ಮುಂಡೇದೇ, ಇದನ್ನ ಯಾರು ಒರೆಸ್ಬೇಕು?" ಎಂದು ಸಿಸ್ಟರ್ ಕೂಗಿದಳು. ಅವನೇ ತನ್ನ ಟವೆಲಿನಿಂದ ಒರೆಸಿದ. ಗೂಡಿನಕ್ಕನಿಗೆ ಅದನ್ನು ನೋಡಲಾಗಲಿಲ್ಲ.

ಇಟ್ಟಿಗೆ ಗೂಡಿನಲ್ಲಿ ಒಂದು ಪದ್ಧತಿಯಿದೆ. ಮಾಲೀಕ ಮಾಡಿದ್ದಲ್ಲ, ಆಳುಗಳೇ ಮಾಡಿಕೊಂಡದ್ದು. ಬೆಂಕಿ ಬಾಯಿಯ ಮುಂದೆ ಯಾರೂ ಇಡೀ ದಿನ ನಿಲ್ಲುವ ಹಾಗಿಲ್ಲ. ಅರ್ಧ ದಿನ ಬೆಂಕಿ, ಅರ್ಧ ದಿನ ನೆರಳು, ಸರದಿ. ಗಟ್ಟಿಗನಾದರೂ ಅಷ್ಟೇ, ಬಸುರಿಯಾದರೂ ಅಷ್ಟೇ. ನೆರಳಿನಲ್ಲೇ ಉಳಿಯಲು ನೋಡಿದವನ ಊಟದ ಡಬ್ಬಿಗೆ ಬೂದಿ ಬೀಳುತ್ತದೆ. ಇಪ್ಪತ್ತು ವರ್ಷ ಹೀಗೆ ಬೇಯುವುದನ್ನು ಹಂಚಿಕೊಂಡು ಬಂದವಳಿಗೆ ಬೇರೆ ಲೆಕ್ಕ ಬರುವುದಾದರೂ ಹೇಗೆ? ಮುಂದಿನ ಮಂಗಳವಾರ ಅವಳು ಮನೆಯಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದಳು.

"ಎಲ್ಲರೂ ಮಾತ್ರೆ ಬಾಟ್ಲಿ ತೆಗೀರಿ. ಇದಕ್ಕೆ ಸುರೀರಿ."

"ನಂದು ಕೆಲಸ ಮಾಡ್ತಿದೆ ಅಕ್ಕ. ನಾನ್ಯಾಕೆ ಕೊಡ್ಲಿ?" ಎಂದ ಟೈಲರ್.

"ನಿಮ್ಮಪ್ಪನ ಮನೆಯಿಂದ ತಂದ್ಯೇನೋ ಅದನ್ನ? ಚೀಟಿ ಎತ್ತಿದ ಹಾಗೆ ನಿನಗೆ ಬಂತು, ಅವನಿಗೆ ಬರಲಿಲ್ಲ. ತೆಗಿಯೋ, ಬೋಳಿಮಗನೆ."

ಟೈಲರ್ ಗೊಣಗಿಕೊಂಡೇ ಸುರಿದ. ಎಲ್ಲ ಒಂದೇ ಬಿಳಿ, ಒಂದೇ ಗುಂಡು. ಡಬ್ಬಿ ಮುಚ್ಚಿ ಕುಲುಕಿ, ಕಣ್ಣು ಮುಚ್ಚಿ ಎಣಿಸಿ ಹಂಚಿದರು. ಅದೃಷ್ಟವಿದ್ದ ದಿನ ಔಷಧಿ, ಇಲ್ಲದ ದಿನ ಹಿಟ್ಟು. ಆಮೇಲಿನ ವಾರಗಳಲ್ಲಿ ಮೇಡಂ ಕೇಳಿದಾಗ ಹನ್ನೊಂದು ಜನರ ಬಾಯಲ್ಲೂ ಒಂದೇ ಮಾತು: "ಐದು."

ಈ ಗುರುವಾರ ಎಲ್ಲರ ತೋಳಿಗೂ ಸೂಜಿ ಬಿದ್ದು ಯಂತ್ರ ತಿರುಗುತ್ತಿದ್ದಾಗ ದೊಡ್ಡ ಡಾಕ್ಟರು ನುಗ್ಗಿ ಬಂದರು. ಕೈಯಲ್ಲಿ ರಕ್ತ ಪರೀಕ್ಷೆಯ ಕಾಗದವಿತ್ತು.

"ಹನ್ನೊಂದು ಜನಕ್ಕೂ ಐದೇ ತುರಿಕೆ ಹೇಗ್ರೋ ಆಗುತ್ತೆ? ಹನ್ನೊಂದು ಜನರ ರಕ್ತದಲ್ಲೂ ಔಷಧಿ ಸಿಕ್ಕಿದೆ! ಯಾವ ಮುಂಡೇದು ಮಾಡಿದ್ದು ಇದನ್ನ?"

ಗೂಡಿನಕ್ಕ ಸೂಜಿಯಿಲ್ಲದ ಕೈ ಎತ್ತಿದಳು. "ನಾನೇ ಸಾರ್. ಹಂಚಿಕೊಂಡ್ವಿ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ." ಅವಳ ದನಿಯಲ್ಲಿ ಅಳುಕಿರಲಿಲ್ಲ. ಡಾಕ್ಟರು ಬೆನ್ನು ತಟ್ಟದಿದ್ದರೂ ತಲೆಯಾದರೂ ಆಡಿಸಿಯಾರು ಎಂದುಕೊಂಡಿದ್ದಳು, ಪಾಪ.

"ಮೂರು ವರ್ಷ ಓಡಾಡಿ ತಂದ ಸ್ಟಡಿ ಕಣೇ ಇದು! ಮುಂದಿನ ತಿಂಗಳು ವಿದೇಶದ ಸಮ್ಮೇಳನದಲ್ಲಿ ಇದರ ಪೇಪರ್ ಓದ್ಬೇಕು ನಾನು. ನಿಮಗಿಂತ ಇಲಿಗಳೇ ವಾಸಿ. ಇಲಿಯಾದ್ರೆ ತನಗೆ ಕೊಟ್ಟಿದ್ದನ್ನ ತಾನೇ ತಿನ್ನುತ್ತೆ."

"ಇಲಿಗೆ ಅಕ್ಕ ಇರಲ್ಲವಲ್ಲ ಸಾರ್," ಎಂದ ಡ್ರೈವರಣ್ಣ.

ಯಾರೋ ಕಿಸಕ್ಕೆಂದರು. ಡಾಕ್ಟರ ಮುಖ ಕೆಂಪಾಗಿ, ಬಂದ ಹಾಗೆ ಹೊರಟುಹೋದರು. ಯಂತ್ರದಿಂದ ಬಿಡಿಸಿಕೊಂಡ ಮೇಲೆ ಗೂಡಿನಕ್ಕನಿಗೆ ಅವರ ಕೋಣೆಯಿಂದ ಕರೆ ಬಂತು. ಅಲ್ಲಿ ಡಾಕ್ಟರ ನಾಲಗೆ ಬೇರೆಯೇ ಆಗಿತ್ತು.

"ಕೂತ್ಕೊಳ್ಳಮ್ಮಾ. ನೋಡು, ಶನಿವಾರ ಕಂಪನಿಯವರು ಬರ್ತಾರೆ. ಅವರ ಮುಂದೇನೇ ಮೇಡಂ ಕೇಳ್ತಾಳೆ. ನೀನು ಎರಡು ಅನ್ನು. ಡ್ರೈವರ್ ಒಂಬತ್ತು ಅಂತಾನೆ. ಇವತ್ತು ಎಲ್ಲರಿಗೂ ಹೊಸ ಬಾಟ್ಲಿ ಕೊಟ್ಟಿದ್ದೀವಿ, ಅವರವರದು ಅವರವರೇ ತಗೋಬೇಕು. ಮಾತ್ರೆ ಕೂಡಿಟ್ಟ ಡಬ್ಬಿ ಇದೆಯಂತಲ್ಲ, ತಂದು ಮೇಡಂ ಕೈಗೆ ಕೊಟ್ಬಿಡು. ಹಂಚಿಕೊಂಡ ವಿಷಯ ಬಾಯಿ ಬಿಟ್ರೋ, ಸ್ಟಡಿ ಮುಚ್ಚುತ್ತೆ. ಶನಿವಾರದ ಡಯಾಲಿಸಿಸ್ ಮರೆತುಬಿಡಿ, ಅಷ್ಟೂ ಜನ."

"ಡ್ರೈವರಣ್ಣನಿಗೆ ಹಿಟ್ಟಿನ ಬಾಟ್ಲೀನಾ ಸಾರ್?"

"ಯಾರದು ಯಾವುದು ಅಂತ ನನಗೆ ಗೊತ್ತಿಲ್ಲ. ಗೊತ್ತಿರಬಾರದು."

"ಮತ್ತೆ ಅವನು ಒಂಬತ್ತು ಅಂತಾನೆ ಅಂತ ಹೇಗೆ ಗೊತ್ತು?"

ಡಾಕ್ಟರು ಪೆನ್ನು ಕೈಗೆತ್ತಿಕೊಂಡು ಏನನ್ನೋ ಬರೆಯತೊಡಗಿದರು. ಬರೆಯುವಂಥದ್ದು ಏನೂ ಇರಲಿಲ್ಲ.

"ಹೋಗು," ಎಂದರು.

ಮನೆಯಲ್ಲಿ ಮಗಳು ಎಲ್ಲ ಕೇಳಿಸಿಕೊಂಡು ಗೋಡೆಯ ಕಡೆ ಕೈ ತೋರಿಸಿದಳು. ಅಮ್ಮನ ತಲೆ ಒರಗಿ ಒರಗಿ ಸುಣ್ಣ ಹೋಗಿದ್ದ ಜಾಗ ಇನ್ನೂ ಹಾಗೇ ಇತ್ತು.

"ಮತ್ತೆ ಅಲ್ಲೇ ಕೂರ್ತೀಯಾ? ಎರಡು ಅಂದ್ರೆ ನಿನ್ನ ಬಾಯೇನು ಸವೆಯುತ್ತಾ ಅಮ್ಮ?"

"ಸವೆಯಲ್ಲ ಕಣೇ."

"ಮತ್ತೆ ಅನ್ನು."

"ಅಂತೀನಿ," ಎಂದಳು ಗೂಡಿನಕ್ಕ. ನಿಜವಾಗಿಯೂ ಅನ್ನಬೇಕೆಂದೇ ಇದ್ದಳು. ಮಲಗುವ ಆಸೆ ಅವಳಿಗೂ ಇತ್ತು.

ಶನಿವಾರ ಕುರ್ಚಿಗಳ ಮೇಲೆ ಹೊಸ ಬಟ್ಟೆ ಹಾಸಿತ್ತು. ಸಿಸ್ಟರ್ ತೂಕ ನೋಡಿ ಪಿಸುಗುಟ್ಟುವ ದನಿಯಲ್ಲಿ ಹೇಳಿದಳು, "ಬನ್ನಿ ಅಮ್ಮ, ಕೂತ್ಕೊಳ್ಳಿ." ಆ ಬನ್ನಿ ಕೇಳಿ ಗೂಡಿನಕ್ಕ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳು. ಡ್ರೈವರಣ್ಣ ಆಗಲೇ ಬಂದಿದ್ದ. ಎರಡೇ ದಿನಕ್ಕೆ ಅವನ ಅಂಗಿಯ ಬೆನ್ನು ಅಲ್ಲಲ್ಲಿ ಕಂದಾಗಿ ಗಟ್ಟಿಯಾಗಿತ್ತು. ಡಬ್ಬಿ ಅವಳ ಮಡಿಲಲ್ಲಿರುವುದನ್ನು ನೋಡಿ ಅವನು ಹತ್ತಿರ ಬಗ್ಗಿದ.

"ಅಕ್ಕ, ಸುಮ್ಮನೆ ಕೊಟ್ಬಿಡು. ಒಂಬತ್ತು ನನಗೆ ಅಭ್ಯಾಸ. ನೀನು ಮಲಗು."

ಕಂಪನಿಯವರು ಮೂರು ಜನ, ಬೂಟಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಂದರು. ಅವರ ಜೊತೆ ಡಾಕ್ಟರು, ಹೊಸ ಕೋಟು, ಹಳೆಯ ನಗು. ಡ್ರೈವರಣ್ಣನ ಕುರ್ಚಿ ಬಂದಾಗ ಡಾಕ್ಟರು ಅವನನ್ನು ಮುಂದಕ್ಕೆ ಬಗ್ಗಿಸಿ, ಕೈ ಸೋಕದ ಹಾಗೆ ಪೆನ್ನಿನ ತುದಿಯಿಂದ ಅಂಗಿ ಮೇಲೆತ್ತಿದರು.

"ತುರಿಕೆ ಎಷ್ಟು ತೀವ್ರ ಇರುತ್ತೆ ಅನ್ನೋದಕ್ಕೆ ಇದು ನೋಡಿ."

ಕಂಪನಿಯ ಹೆಂಗಸು ಫೋನು ತೆಗೆದು ಫೋಟೋ ಹೊಡೆದಳು. "ಸ್ವಲ್ಪ ಈ ಕಡೆ ತಿರುಗಿಸ್ತೀರಾ? ಬೆಳಕು ಬೀಳ್ತಿಲ್ಲ," ಎಂದಳು. ಡಾಕ್ಟರು ತಿರುಗಿಸಿದರು. ಸಂತೆಯಲ್ಲಿ ಎತ್ತನ್ನೂ ಹೀಗೆ ತಿರುಗಿಸುವುದಿಲ್ಲ.

"ಹತ್ತಕ್ಕೆ ಎಷ್ಟು ತುರಿಕೆ?" ಫೈಲಿನ ಮೇಡಂ ಕೇಳಿದಳು.

"ಒಂಬತ್ತು," ಎಂದ ಡ್ರೈವರಣ್ಣ, ಗೂಡಿನಕ್ಕನ ಕಡೆಗೇ ನೋಡುತ್ತ. ಹುಳ್ಳಗೆ ನಕ್ಕ ಕೂಡ.

ಮೇಡಂ ಅವಳ ಮುಂದೆ ಬಂದು ನಿಂತಳು. "ಹತ್ತಕ್ಕೆ ಎಷ್ಟು?"

ಗೂಡಿನಕ್ಕನ ನಾಲಗೆಯ ತುದಿಯಲ್ಲಿ ಎರಡು ಇತ್ತು. ಚಾಪೆಯೂ ಕಣ್ಣ ಮುಂದಿತ್ತು. ಆದರೆ ಪಕ್ಕದಲ್ಲಿ ಆ ಅಂಗಿ ಇನ್ನೂ ಕೆಳಗಿಳಿದಿರಲಿಲ್ಲ. ಎತ್ತಿದವರು ಇಳಿಸುವುದನ್ನು ಮರೆತು ಮುಂದೆ ಬಂದಿದ್ದರು. ಅವಳು ಕೈ ಚಾಚಿ ಡ್ರೈವರಣ್ಣನ ಅಂಗಿ ಎಳೆದು ಸರಿಮಾಡಿದಳು.

"ಎರಡು ಅನ್ನು ಅಂತ ಡಾಕ್ಟರು ಹೇಳಿಕೊಟ್ಟಿದ್ದಾರೆ," ಎಂದಳು. "ಇವನಿಗೆ ಒಂಬತ್ತು ಬರಲಿ ಅಂತ ಎರಡು ದಿನದಿಂದ ಹಿಟ್ಟು ತಿನ್ನಿಸಿದ್ದಾರೆ."

"ಏಯ್!" ಎಂದರು ಡಾಕ್ಟರು.

ಗೂಡಿನಕ್ಕ ಎದ್ದು ನಿಂತು ಡಬ್ಬಿಯ ಮುಚ್ಚಳ ಕಿತ್ತು ಬೋರಲು ಹಾಕಿದಳು. ಮಾತ್ರೆಗಳು ಟಪಟಪನೆ ಉದುರಿ, ಯಂತ್ರಗಳ ಕೆಳಗೆ, ಕುರ್ಚಿಗಳ ಕೆಳಗೆ, ಪ್ಲಾಸ್ಟಿಕ್ ಬೂಟುಗಳ ಸಂದಿಗೆ ಉರುಳಿದವು.

"ಆರು ಜನದ್ದು ಔಷಧಿ, ಐದು ಜನದ್ದು ಹಿಟ್ಟು, ಎಲ್ಲಾ ಇದರಲ್ಲೇ ಇದೆ. ಹಂಚಿಕೊಂಡು ತಿಂದ್ವಿ ನಾವು. ಯಾವುದು ಯಾವುದು ಅಂತ ಈಗ ಆರಿಸಿ ಕೊಡಿ ಸಾರ್. ಓದಿದೋರಲ್ವಾ ನೀವು."

ಉಳಿದ ಒಂದೊಂದು ಮಾತ್ರೆಗೂ ಕಂಪನಿಗೆ ಉತ್ತರ ಹೇಳಬೇಕಂತೆ. ಫೈಲಿನ ಮೇಡಂ ಫೈಲು ಬಿಸಾಕಿ ನೆಲಕ್ಕೆ ಕೂತಳು. ಹೊಸ ಕೋಟಿನ ದೊಡ್ಡ ಡಾಕ್ಟರೂ ಮಂಡಿಯೂರಿ, ಡ್ರೈವರಣ್ಣನ ಕುರ್ಚಿಯ ಕೆಳಗೆ ಕೈ ಹಾಕಿ ತಡಕಾಡಿದರು. ಟೈಲರ್ ತನ್ನ ಕಾಲ ಬಳಿ ಬಂದ ಒಂದನ್ನು ಚಪ್ಪಲಿಯಿಂದ ಒತ್ತಿ ಪುಡಿ ಮಾಡಿದ. "ಇದು ಹಿಟ್ಟೇ ಇರ್ಬೇಕು ಸಾರ್, ಬಿಡಿ," ಎಂದ.

"ಸ್ಟಡಿ ಮುಗೀತು!" ಡಾಕ್ಟರು ನೆಲದಿಂದಲೇ ಅರಚಿದರು. "ಯಾರಿಗೂ ಯಂತ್ರ ಹಾಕಬೇಡಿ! ಎಬ್ಬಿಸಿ ಆಚೆ ಕಳಿಸಿ ಈ ಹಲ್ಕಾಗಳನ್ನ!"

ಗೂಡಿನಕ್ಕ ಎಲ್ಲಿಗೂ ಹೋಗಲಿಲ್ಲ. ಕುರ್ಚಿಗೆ ಬೆನ್ನು ಕೊಟ್ಟು ಕೂತು, ಸೆರಗು ಸರಿಸಿ, ಎಡತೋಳನ್ನು ಹಿಡಿಕೆಯ ಮೇಲೆ ಚಾಚಿದಳು. ಮೂರು ವರ್ಷದ ಸೂಜಿಗಳಿಗೆ ಗಂಟುಗಂಟಾಗಿ ಉಬ್ಬಿದ ನರ ಒಳಗೆ ರಭಸದಿಂದ ಹರಿಯುವ ರಕ್ತಕ್ಕೆ ಗುಂಯ್‌ಗುಡುತ್ತಿತ್ತು.

"ಇವತ್ತು ಶನಿವಾರ. ಇವತ್ತಿನದು ನಂದು. ಹಾಕಮ್ಮ ಸಿಸ್ಟರ್."

ಪಕ್ಕದಲ್ಲಿ ಡ್ರೈವರಣ್ಣ ತೋಳು ಚಾಚಿದ. ಅವನಾಚೆಯವನು ಚಾಚಿದ. ಬಾಗಿಲ ಪಕ್ಕದ ಟೈಲರ್‌ವರೆಗೆ ಹನ್ನೊಂದು ತೋಳುಗಳು ಚಾಚಿಕೊಂಡವು. ಸಿಸ್ಟರ್ ಸೂಜಿ ಹಿಡಿದು, ಒಮ್ಮೆ ನೆಲದ ಮೇಲಿದ್ದ ಡಾಕ್ಟರನ್ನೂ ಒಮ್ಮೆ ಆ ತೋಳನ್ನೂ ನೋಡುತ್ತ ನಿಂತಳು. 

ಕಂಪನಿಯ ಹೆಂಗಸಿಗೆ ಮಾತ್ರ ಅವಸರ. ಬಿದ್ದಿದ್ದ ಫೈಲು ಎತ್ತಿಕೊಂಡು ಕೇಳಿದಳು, "ಈಗ ಇವರದ್ದು ಎಷ್ಟು ಅಂತ ಬರೆಯೋದು?"

"ಹತ್ತು," ಎಂದಳು ಗೂಡಿನಕ್ಕ, ತೋಳು ತೆಗೆಯದೆ. "ಹನ್ನೊಂದು ಜನಕ್ಕೂ ಹತ್ತು. ಬರ್ಕೋ."