ಹಗ್ಗದ ಮೇಲಿನ ಟವೆಲು

ತಮ್ಮನ ಕ್ಷೌರದಂಗಡಿಯ ಹಿತ್ತಲಿಗೆ ಬಂದ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವನು ಮತ್ತೆ ಕಳೆನಾಶಕ ಹೊಡೆದಿದ್ದ. ಹುಲ್ಲೆಲ್ಲ ಹಳದಿಗಟ್ಟಿ ಮಕಾಡೆ ಮಲಗಿತ್ತು, ಪಕ್ಕದ ಬದನೆ ಗಿಡಗಳ ಎಲೆಯೂ ಮುರುಟಿತ್ತು. ಥೂ, ಆ ವಾಸನೆಯೋ! ಒಮ್ಮೆ ಗಂಟಲಿಗೆ ಹತ್ತಿದರೆ ಮಧ್ಯಾಹ್ನದ ಊಟ ಸೇರದು. ಆ ಹುಲ್ಲಿನ ಮೇಲೇ ಅಂಗಡಿಯ ಟವೆಲುಗಳು ಹಗ್ಗದಲ್ಲಿ ತೂಗುತ್ತಿದ್ದವು. ಮಹಾರಾಯ ಅವನ್ನು ತೆಗೆಯುವ ಗೋಜಿಗೂ ಹೋಗದೆ ಪಂಪು ಆಡಿಸಿದ್ದ.

ಇದೇನು ಹೇಸಿಗೆ ಕೆಲಸ ಎಂದು ಅವಳು ಕೇಳಿದಳು. ಬೆಳಗಿನಿಂದ ನಿಂತೇ ಇರುವವನು ನಾನು, ಸೊಂಟ ಬಗ್ಗಿಸಿ ಹುಲ್ಲು ಕೀಳಲು ನನ್ನಿಂದಾಗದು ಎಂದ ಅವನು. ಅದು ಸುಳ್ಳೂ ಅಲ್ಲ. ಸೊಂಟ ಹಿಡಿದುಕೊಂಡೇ ಅವನು ದಿನಾ ಮನೆಗೆ ಬರುತ್ತಿದ್ದ.

"ಒಂಚೂರು ತುಂತುರು ತಾಗಿದ್ರೆ ಯಾರೂ ಸಾಯಲ್ಲ ಬಿಡಕ್ಕ," ಎನ್ನುತ್ತ ಟವೆಲುಗಳನ್ನು ಬಾಚಿಕೊಂಡು ಒಳಗೆ ನಡೆದ.

ಕುರ್ಚಿಯಲ್ಲಿ ಮೇಷ್ಟ್ರು ಗಡ್ಡ ತೆಗೆಸಿಕೊಂಡು, ಕಣ್ಣು ಮುಚ್ಚಿ, ಬಿಸಿ ಟವೆಲಿಗೆ ಕಾಯುತ್ತಿದ್ದರು. ಬೆಂಚಿನ ಮೇಲೆ ಇನ್ನಿಬ್ಬರಿದ್ದರು. ಅವನು ಟವೆಲನ್ನು ಬಿಸಿನೀರಿಗೆ ಅದ್ದಿ ಹಿಂಡಿದ. ಹಬೆಯ ಜೊತೆ ಅದೇ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ ಅಂದಳು:

"ಮೊದಲು ನಿನ್ನ ಮುಖಕ್ಕೆ ಹಾಕ್ಕೋ."

ಛಲಕ್ಕೆ ಅವನು ಟವೆಲನ್ನು ಕೆನ್ನೆಯ ಹತ್ತಿರ ತಂದ. ಕೈ ಅಲ್ಲೇ ನಿಂತಿತು. ಎದುರಿಗೆ ಮೇಷ್ಟ್ರ ಕೆನ್ನೆ ಆಗತಾನೇ ಕತ್ತಿ ಆಡಿ ಕೆಂಪಗಿತ್ತು. ತನ್ನ ಕೈಗಳನ್ನು ಕಂಡು ಅವನಿಗೆ ಅಸಹ್ಯವಾಯಿತು.

"ಮೇಷ್ಟ್ರೇ, ಟವೆಲಿಗೆ ಕಳೆ ಔಷಧಿ ತಾಗಿದೆ. ನಾನೇ ಹೊಡೆದದ್ದು. ಮುಖ ನಲ್ಲಿ ನೀರಲ್ಲಿ ತೊಳ್ಕೊಂಡುಬಿಡಿ."

ಬೆಂಚಿನಲ್ಲಿದ್ದವನೊಬ್ಬ ಕತ್ತು ಸವರಿಕೊಂಡ. "ಹೋದ್ಸಲ ನಂಗೆ ಹಾಕಿದ್ದು?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಆಗಲೂ ಹೊಡೆದಿದ್ದೆ."

ಕೇಳಿದವನು ಎದ್ದು, ಹೊಸ್ತಿಲಾಚೆ ಉಗಿದು ಹೋದ. ಜೊತೆಗಿದ್ದವನೂ ಹಿಂಬಾಲಿಸಿದ. ಮೇಷ್ಟ್ರು ಮುಖ ತೊಳೆದು, ಸ್ವಂತ ಕರವಸ್ತ್ರದಲ್ಲಿ ಒರೆಸಿಕೊಂಡು ಹೊರಟರು.

ಗಿರಾಕಿಗಳು ಹೋದ ಮೇಲೆ ಅವನು ಟವೆಲುಗಳನ್ನೆಲ್ಲ ಎಸೆದ. ಕಳೆನಾಶಕದ ಡಬ್ಬಿಯ ಮುಚ್ಚಳ ಬಿಗಿದು, ಕೊಂಡ ಅಂಗಡಿಗೇ ವಾಪಸ್ಸು ಕೊಟ್ಟು ಬಂದ. ರಜೆಯ ದಿನ ಇಬ್ಬರೂ ಹಿತ್ತಲಿಗೆ ಇಳಿದರು. ನೆಲ ನೆನೆಸಿ, ಮಣ್ಣು ಮೆತ್ತಗಾದ ಮೇಲೆ ಹುಲ್ಲನ್ನು ಬೇರುಸಮೇತ ಕಿತ್ತರು. ಗಿಡಗಳ ನಡುವೆ ಕಳೆ ಏಳದಂತೆ ಅಕ್ಕ ರಟ್ಟು ಹಾಸಿ ಮೇಲೆ ಒಣ ಎಲೆ ಹರಡಿದಳು. ಕಲ್ಲುಚಪ್ಪಡಿಯ ಸಂದಿಯ ಹುಲ್ಲಿಗೆ ಅವನು ಕುದಿಯುವ ನೀರು ಹುಯ್ದ. ಸೊಂಟ ಹೋಯಿತೆಂದು ಗೊಣಗುತ್ತಲೇ ಇದ್ದ, ಬಿಡಲಿಲ್ಲ.

ಕೆಲವು ದಿನಗಳಲ್ಲೇ ರಟ್ಟಿನ ಅಂಚಿನಿಂದ ಹಸಿರು ಇಣುಕಿತು.

"ಮತ್ತೆ ಬಂತು ನೋಡೋ," ಎಂದಳು ಅಕ್ಕ.

"ಬರ್ಲಿ ಬಿಡು. ಎದ್ದುಹೋದ ಗಿರಾಕಿಗಳಿಗಿಂತ ಇದಕ್ಕೇ ನಿಯತ್ತು ಜಾಸ್ತಿ."

ಅವಳು ನಕ್ಕಳು. ಅವನು ನಗಲಿಲ್ಲ. ಸೊಂಟಕ್ಕೆ ಒಂದು ಕೈ ಕೊಟ್ಟು ಕುಕ್ಕರಗಾಲಲ್ಲಿ ಕೂತು, ಇನ್ನೊಂದು ಕೈಯ ಬೆರಳನ್ನು ಬೇರಿನ ಬುಡಕ್ಕೆ ತೂರಿಸಿದ.