ಒಂದು ಬಾಗಿಲಿನಷ್ಟು ಜಾಗ

ಸೈಕಲ್ ಕಂಡರೆ ಆ ಲಾಂಡ್ರಿ ವ್ಯಾನಿನ ಡ್ರೈವರನಿಗೆ ಮೈಯೆಲ್ಲ ಉರಿಯುತ್ತಿತ್ತು. ಮುಂದೆ ಒಂದು ಸೈಕಲ್ ನಿಧಾನಕ್ಕೆ ಹೋಗುತ್ತಿದ್ದರೆ ಸಾಕು, ಅವನ ಕೈ ತಾನಾಗಿಯೇ ಹಾರ್ನ್ ಮೇಲೆ ಹೋಗುತ್ತಿತ್ತು. ಸೈಕಲ್ಲಿನವರು ಬೆಚ್ಚಿಬಿದ್ದು ಓರಕ್ಕೆ ಸರಿದರೆ ಅವನಿಗೆ ಅದೇನೋ ಸಮಾಧಾನ. ಸರಿಯದಿದ್ದರೆ ಮೈಗೆ ತಾಗುವಷ್ಟು ಹತ್ತಿರದಲ್ಲಿ ವ್ಯಾನ್ ನುಗ್ಗಿಸಿ, ಕಿಟಕಿಯಿಂದ ತಲೆ ಹೊರಹಾಕಿ, "ರಸ್ತೆ ಏನು ನಿಮ್ಮಪ್ಪನ ಮನೆ ಆಸ್ತೀನಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ. ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಹಾರ್ನಪ್ಪ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಜಾರೇನೂ ಇರಲಿಲ್ಲ.

ಹಾಗಂತ ಮನುಷ್ಯ ಕೆಟ್ಟವನಲ್ಲ. ಅಮ್ಮನ ಮಂಡಿಗೆ ದಿನಾ ಎಣ್ಣೆ ತಿಕ್ಕುವವನು. ತಂಗಿ ಒಂದು ಸಲ ಕೆಮ್ಮಿದರೆ ಎರಡು ಸಲ ಔಷಧಿ ಅಂಗಡಿಗೆ ಓಡುವವನು. ಸ್ಟೀರಿಂಗ್ ಹಿಡಿದಾಗ ಮಾತ್ರ ಬೇರೆಯೇ ಆಗಿಬಿಡುತ್ತಿದ್ದ. ಇಂಥವರು ನಿಮ್ಮ ಬೀದಿಯಲ್ಲೂ ಇದ್ದಾರೆ, ನಿಮ್ಮ ಮನೆಯಲ್ಲೂ ಇರಬಹುದು.

ತಂಗಿಯ ಕೆಲಸ ಡೇರಿಯಲ್ಲಿ. ಹೊರಗಿನಿಂದ ಬಂದ ಹಾಲಿನ ಕ್ಯಾನುಗಳನ್ನು ಕಟ್ಟೆಯ ಮೇಲೆ ಇಳಿಸಿದ ಕೂಡಲೇ ಒಂದೊಂದರ ಮುಚ್ಚಳ ತೆಗೆದು ಅವಳು ಮೂಸಿ ನೋಡಬೇಕು. ಹುಳಿಗೆ ತಿರುಗಲು ಹೊರಟ ಹಾಲು, ಸರಿಯಾಗಿ ತೊಳೆಯದ ಕ್ಯಾನು, ಕೊಟ್ಟಿಗೆಯ ನಾತ ಹಿಡಿದ ಹಾಲು, ಎಲ್ಲವೂ ಅವಳಿಗೆ ಮುಚ್ಚಳ ಎತ್ತಿದ ಕ್ಷಣದಲ್ಲೇ ಗೊತ್ತಾಗುತ್ತಿತ್ತು. "ಇದು ಬೇಡ, ಆಚೆ ಇಡಿ" ಎಂದರೆ ಮುಗಿಯಿತು, ಮೇಲ್ವಿಚಾರಕನೂ ಎದುರು ಮಾತಾಡುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಕೆಟ್ಟ ಕ್ಯಾನೂ ಅವಳನ್ನು ದಾಟಿ ಒಳಗೆ ಹೋಗಿರಲಿಲ್ಲ. ಡೇರಿಯವರು ಅವಳಿಗಿಟ್ಟ ಹೆಸರು ಮೂಗುರಾಣಿ.

ಒಂದು ದಿನ ಡೇರಿಯ ಕಡೆಗೆ ಹೋಗುವ ಬೆಳಗಿನ ಬಸ್ಸು ನಿಂತುಹೋಯಿತು. ಮೂಗುರಾಣಿ ತಲೆ ಕೆಡಿಸಿಕೊಳ್ಳದೆ ಹಳೆಯದೊಂದು ಸೈಕಲ್ ಕೊಂಡಳು. ಮಾರಿದವರು ಬೀದಿ ಮೂಲೆಯ ಸೈಕಲ್ ಅಂಗಡಿಯ ಪಂಚರ್ ತಾತ. ಐವತ್ತು ವರ್ಷದಿಂದ ಅದೇ ರಸ್ತೆಯನ್ನು ನೋಡುತ್ತ ಕೂತ ಮುದುಕ.

ಸೈಕಲ್ ಕೊಟ್ಟು ತಾತ ಸುಮ್ಮನಾಗಲಿಲ್ಲ. ಅಂಗಡಿ ಮುಂದೆ ನಿಂತಿದ್ದ ಹಾರ್ನಪ್ಪನ ವ್ಯಾನಿನ ಬಾಗಿಲನ್ನು ಪೂರ್ತಿ ತೆಗೆದು, ಅದರ ತುದಿಗೆ ಸರಿಯಾಗಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು.

"ನೋಡಮ್ಮ, ನಿಂತ ಗಾಡಿ ಬಾಗಿಲು ತೆಗೆದ್ರೆ ಇಲ್ಲೀವರೆಗೂ ಬರುತ್ತೆ. ಒಳಗೆ ಕೂತೋರು ಯಾವಾಗ ತೆಗೀತಾರೋ ದೇವರಿಗೇ ಗೊತ್ತು. ನೀನು ಯಾವತ್ತೂ ಈ ಗೆರೆ ಆಚೆಗೇ ಇರಬೇಕು."

ಹಾರ್ನಪ್ಪ ನಕ್ಕ. "ಚೆನ್ನಾಗಿ ಹೇಳಿದ್ರಿ ತಾತ! ಹಾಗೆ ಹೋದ್ರೆ ಇವಳು ನಡುರಸ್ತೇಲಿ ಇರ್ತಾಳೆ. ಹಿಂದಿನಿಂದ ಬರೋನು ಏನು ಮಾಡ್ಬೇಕು?"

"ಕಾಯ್ಬೇಕು."

"ಕಾಯಲ್ಲ."

"ಅದು ನಿನಗೆ ಹೇಗಪ್ಪಾ ಗೊತ್ತು?"

"ನಾನೇ ಕಾಯಲ್ಲ, ಬೇರೆಯವರು ಕಾಯ್ತಾರಾ?" ಎಂದು ಹಾರ್ನಪ್ಪ ಇನ್ನೂ ಜೋರಾಗಿ ನಕ್ಕ. ತಂಗಿಯೂ ನಕ್ಕಳು. ತಾತ ಮಾತ್ರ ನಗಲಿಲ್ಲ.

ಮೊದಲ ವಾರ ಮೂಗುರಾಣಿ ತಾತ ಹೇಳಿದಂತೆಯೇ ಹೋದಳು. ಸಂಜೆ ಮನೆಗೆ ಬಂದಾಗ ಅವಳ ಮುಖದಲ್ಲಿ ರಕ್ತವೇ ಇರುತ್ತಿರಲಿಲ್ಲ. ಹಾರ್ನ್ ಹೊಡೆದವರಿಗೆ ಲೆಕ್ಕವಿಲ್ಲ. ಕಾರಿನವನೊಬ್ಬ ಅವಳ ತಾಯಿಯನ್ನು ಸೇರಿಸಿ ಬೈದಿದ್ದ. ಲಾರಿಯವನೊಬ್ಬ ಬೇಕಂತಲೇ ಅವಳನ್ನು ಒತ್ತರಿಸಿಕೊಂಡು ಹೋಗಿ, ಲಾರಿಯ ಅಂಚು ಮೊಣಕೈಗೆ ಬಡಿದು ಅಲ್ಲಿ ನೀಲಿಗಟ್ಟಿತ್ತು.

ಅಮ್ಮ ಮೊಣಕೈಗೆ ಬಿಸಿನೀರಿನ ಬಟ್ಟೆ ಒತ್ತುತ್ತ, "ನೀನೇ ಏನಾದ್ರೂ ಹೇಳೋ, ನೀನು ಗಾಡಿಯವನಲ್ವಾ" ಎಂದು ಮಗನಿಗೆ ಹೇಳಿದಳು.

"ಹೇಳೋದೇನಮ್ಮ, ಓರಕ್ಕೆ ಹೋಗು ಅಂತ ಮೊದಲ್ನೇ ದಿನಾನೇ ಹೇಳಿದೀನಿ. ಆ ತಾತನ ಮಾತು ಕೇಳಿ ಕುಣೀತಾಳೆ."

"ಓರ ಅಂದ್ರೆ ಎಷ್ಟು ಓರ ಅಣ್ಣ?" ಎಂದಳು ತಂಗಿ.

"ನಿಂತ ಗಾಡಿಗಳಿಗೆ ಕೈ ತಾಗೋ ಹಾಗೆ. ಬಾ ಭಾನುವಾರ, ನಾನೇ ಕಲಿಸ್ತೀನಿ."

ಆ ಭಾನುವಾರ ಹಾರ್ನಪ್ಪ ಮಾಡಿದ ಕೆಲಸವನ್ನು ಕೇಳಿ. ತಂಗಿಯನ್ನು ಸೈಕಲ್ ಮೇಲೆ ಮುಂದೆ ಬಿಟ್ಟು ಅವನು ವ್ಯಾನಿನಲ್ಲಿ ಹಿಂದೆ ಹೋದ. ಅವಳು ಓರ ಬಿಟ್ಟು ಒಂದು ಗೇಣು ಈಚೆ ಬಂದರೂ ಹಾರ್ನ್. ಅವಳು ಬೆಚ್ಚಿ ಒಳಗೆ ಸರಿದರೆ ಸುಮ್ಮನೆ. ಮತ್ತೆ ಈಚೆ ಬಂದರೆ ಮತ್ತೆ ಹಾರ್ನ್. ರಸ್ತೆಯ ಆ ತುದಿಯಿಂದ ಈ ತುದಿಗೆ ಎಂಟು ಸಲ ಓಡಾಡಿಸಿದ. ಪಂಚರ್ ತಾತ ಅಂಗಡಿಯಿಂದ ಎದ್ದು ಬಂದು, "ಏನೋ ಇದು, ಹೆಣ್ಣುಮಗೂನ ದನ ಅಟ್ಟಿದ ಹಾಗೆ ಅಟ್ತಿದೀಯಲ್ಲೋ!" ಎಂದು ಕೂಗಿದರು. ಹಾರ್ನಪ್ಪ ಕಿಟಕಿಯಿಂದಲೇ ಕೈ ಬೀಸಿ ನಕ್ಕ.

ಕೊನೆಯ ಸುತ್ತಿಗೆ ಅವಳು ಹಾರ್ನ್ ಪೂರ್ತಿ ಕೇಳುವ ಮೊದಲೇ ಓರ ಸೇರುತ್ತಿದ್ದಳು. ಅಣ್ಣನಿಗೆ ತೃಪ್ತಿಯಾಯಿತು.

ಒಂದೂವರೆ ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ಬೈಗುಳಗಳು ಕಡಿಮೆಯಾದವು. ಅಮ್ಮ ಪಕ್ಕದ ಮನೆಯವರಿಗೆಲ್ಲ "ನನ್ನ ಮಗ ಕಲಿಸಿದ್ದು" ಎಂದು ಹೇಳಿಕೊಂಡಳು.

ಆಮೇಲೊಂದು ಬೆಳಿಗ್ಗೆ ಹಾರ್ನಪ್ಪ ಹೋಟೆಲೊಂದರ ಹಿಂಬಾಗಿಲಲ್ಲಿ ಮಾಸಿದ ಹಾಸುಬಟ್ಟೆಗಳ ಗಂಟು ಎಣಿಸುತ್ತಿದ್ದಾಗ ಫೋನು ಬಂತು. ಅವನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಂಗಿಯ ತಲೆಗೆ ಬ್ಯಾಂಡೇಜು ಸುತ್ತಿದ್ದರು. ಕಣ್ಣು ಮುಚ್ಚಿತ್ತು. ಮೊಬೈಲ್ ಅಂಗಡಿಯ ಮುಂದೆ ನಿಂತಿದ್ದ ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡು, ಅದಕ್ಕೆ ಬಡಿದು ಅವಳು ಹಿಂದಕ್ಕೆ ಬಿದ್ದಿದ್ದಳು. ತಲೆಯ ಹಿಂಭಾಗ ರಸ್ತೆಗೆ ಹೊಡೆದಿತ್ತು.

ಆ ಕಾರಿನವನು ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಹಾರ್ನಪ್ಪ ಹೋಗಿ ಅವನ ಕೊರಳಪಟ್ಟಿ ಹಿಡಿದ.

"ಕಣ್ಣು ಇರಲಿಲ್ವೇನೋ ನಿನಗೆ?"

ಅವನು ಬಿಡಿಸಿಕೊಳ್ಳಲೂ ನೋಡಲಿಲ್ಲ. ಅಳುತ್ತಿದ್ದ. "ನಾನು ಗಾಡಿ ನಿಲ್ಲಿಸಿದ್ದೆ ಅಷ್ಟೇ ಸಾರ್. ಹಿಂದಿನಿಂದ ಯಾರೋ ಒಂದೇ ಸಮ ಹಾರ್ನ್ ಹೊಡೆದ್ರು. ನನಗೇ ಹೊಡೀತಿದಾರೆ ಅಂತ ಗಾಬರಿ ಆಗಿ ಬೇಗ ಇಳಿಯೋಕೆ ಹೋದೆ. ತಿರುಗಿ ನೋಡ್ಲಿಲ್ಲ ಸಾರ್. ನೋಡ್ಲಿಲ್ಲ."

ಹಾರ್ನಪ್ಪನ ಕೈ ಸಡಿಲವಾಯಿತು.

ಮೂರನೆಯ ದಿನ ತಂಗಿ ಕಣ್ಣು ಬಿಟ್ಟಳು. ಅಮ್ಮನನ್ನು ಗುರುತು ಹಿಡಿದಳು, ನೀರು ಕೇಳಿದಳು. ಅಣ್ಣ ಪಕ್ಕದಲ್ಲಿ ಕೂತು ಹಣೆ ಸವರಿದಾಗ ಮೆಲ್ಲಗೆ ಅಂದಳು:

"ಹಾರ್ನ್ ಕೇಳಿಸ್ತು ಅಣ್ಣ. ನೀನೇ ಬಂದೆ ಅಂದ್ಕೊಂಡೆ. ತಕ್ಷಣ ಓರಕ್ಕೆ ಹೋದೆ."

ಅವಳ ಮಾತಿನಲ್ಲಿ ದೂರಿರಲಿಲ್ಲ. ಪಾಠ ಒಪ್ಪಿಸಿದ ಹಾಗೆ ಹೇಳಿ ಮತ್ತೆ ಕಣ್ಣು ಮುಚ್ಚಿದಳು. ಹಾರ್ನಪ್ಪ ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ತಲೆಯಾನಿಸಿ ನಿಂತುಬಿಟ್ಟ. ಎಷ್ಟೋ ಹೊತ್ತಿನ ಮೇಲೆ ಕಾವಲುಗಾರ ಬಂದು ದಾರಿ ಬಿಡಲು ಹೇಳಬೇಕಾಯಿತು.

ಗಾಯ ಮಾಗಿತು, ಹೊಲಿಗೆ ಬಿಚ್ಚಿದರು, ಮನೆಗೆ ಕರೆತಂದರು. ದೊಡ್ಡ ಗಂಡಾಂತರ ತಪ್ಪಿತು ಎಂದು ಅಕ್ಕಪಕ್ಕದವರು ಬಂದು ಮಾತಾಡಿಸಿ ಹೋದರು. ಒಂದು ಮಧ್ಯಾಹ್ನ ಅಮ್ಮ ಒಲೆ ಮೇಲೆ ಹಾಲಿಟ್ಟು ಬಟ್ಟೆ ಒಣಗಿಸಲು ಮಹಡಿಗೆ ಹೋದಳು. ವಾಪಸು ಬರುವಾಗ ಮೆಟ್ಟಿಲಲ್ಲೇ ಸೀದ ವಾಸನೆ. ಓಡಿ ಬಂದು ನೋಡಿದರೆ ಪಾತ್ರೆಯ ತಳ ಕರಿ ಹತ್ತಿತ್ತು. ಮಗಳು ಒಲೆಗೆ ಬೆನ್ನು ಹಾಕಿ ಕೂತು ತಣ್ಣಗೆ ಕಾಳು ಆರಿಸುತ್ತಿದ್ದಳು.

"ಅಯ್ಯೋ ಹುಡುಗೀ, ಇಷ್ಟು ಸೀದಿದೆ, ವಾಸನೆ ಬರ್ಲಿಲ್ವೇನೇ?"

"ಯಾವ ವಾಸನೆ ಅಮ್ಮ?"

ಮೂಗುರಾಣಿ ಎದ್ದು ಹೋಗಿ ಉಳಿದ ಹಾಲಿನ ಪಾತ್ರೆಯ ಮೇಲೆ ಬಗ್ಗಿದಳು. ಆಮೇಲೆ ಸೋಪಿನ ಡಬ್ಬಿ, ಈರುಳ್ಳಿ ಬುಟ್ಟಿ, ಕೊನೆಗೆ ಫಿನಾಯಿಲ್ ಬಾಟಲಿ. ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ತಲೆಗೆ ಪೆಟ್ಟು ಬಿದ್ದಾಗ ಮೂಗಿನ ಮೇಲ್ಭಾಗದ ಎಳೆಯಂಥ ಸಣ್ಣ ನರಗಳು ಹರಿದುಹೋಗುವುದುಂಟು. ಕೆಲವರಿಗೆ ವಾಸನೆ ಮರಳುತ್ತದೆ, ಕೆಲವರಿಗೆ ಇಲ್ಲ. ಕಾದು ನೋಡಬೇಕು.

ಡೇರಿಯಲ್ಲಿ ಅವಳನ್ನು ಕಟ್ಟೆಯ ಮೇಲೆ ಕರೆದುಕೊಂಡು ಹೋಗಿ ಎರಡು ಕ್ಯಾನುಗಳ ಮುಂದೆ ನಿಲ್ಲಿಸಿದರು. ಅವಳು ಎರಡನ್ನೂ ಮೂಸಿದಳು. ಮತ್ತೊಮ್ಮೆ ಮೂಸಿದಳು. "ನನಗೆ ಗೊತ್ತಾಗ್ತಿಲ್ಲ ಸರ್" ಎಂದಳು. ಮೇಲ್ವಿಚಾರಕ ಬೇರೆ ಕಡೆ ನೋಡಿದ. ಮರುದಿನದಿಂದ ಅವಳು ಖಾಲಿ ಕ್ಯಾನುಗಳನ್ನು ತೊಳೆಯುವ ಕಡೆ ಹೋದಳು. ಮೂಗುರಾಣಿ ಎಂದು ಆಮೇಲೆ ಯಾರೂ ಕರೆಯಲಿಲ್ಲ, ಕರೆಯಲು ಬಾಯಿ ಬರಲಿಲ್ಲ.

ಹಾರ್ನಪ್ಪ ದಿನಾ ಸಂಜೆ ಏನಾದರೊಂದು ತಂದು ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಲಾಂಡ್ರಿಯ ಸೋಪು, ನಿಂಬೆ ಸಿಪ್ಪೆ, ಕಾಫಿ ಪುಡಿ. "ಇಲ್ಲ ಅಣ್ಣ" ಎನ್ನುತ್ತಿದ್ದಳು. ಆರು ತಿಂಗಳು ಕಳೆದ ಮೇಲೆ ಒಂದು ಸಂಜೆ ಕಣ್ಣು ಮುಚ್ಚಿಕೊಂಡೇ, "ಹೂಂ ಅಣ್ಣ, ಸ್ವಲ್ಪ ಬಂತು" ಎಂದಳು. ಅವನು ಹಿಗ್ಗಿ ಅಮ್ಮನನ್ನು ಕೂಗಲು ಬಾಯಿ ತೆರೆದವನು ಕೈಯಲ್ಲಿದ್ದ ಬಾಟಲಿ ನೋಡಿದ. ಕಾಫಿ ಪುಡಿಯದೆಂದು ಅವಸರದಲ್ಲಿ, ತೊಳೆದಿಟ್ಟ ಖಾಲಿ ಬಾಟಲಿಯನ್ನು ಎತ್ತಿಕೊಂಡಿದ್ದ. ತಂಗಿ ತನಗೋಸ್ಕರ ಸುಳ್ಳು ಹೇಳುತ್ತಿದ್ದಾಳೆ. ಅವತ್ತಿಗೆ ಆ ಪರೀಕ್ಷೆ ನಿಂತಿತು.

ಮರುದಿನ ಅವನು ಪಂಚರ್ ತಾತನ ಅಂಗಡಿಗೆ ಹೋಗಿ ತಲೆ ತಗ್ಗಿಸಿ ನಿಂತ. "ಹೇಳಿ ತಾತ, ನಾನೀಗ ಏನು ಮಾಡ್ಲಿ?"

ತಾತ ಬೈಯಲಿಲ್ಲ. ಅವನನ್ನು ಅವನದೇ ವ್ಯಾನಿನಲ್ಲಿ ಕೂರಿಸಿ, "ಇಳಿ ನೋಡೋಣ" ಎಂದರು. ಅವನು ಎಂದಿನಂತೆ ಬಾಗಿಲ ಪಕ್ಕದ ಕೈಯಿಂದ ತಳ್ಳಿದ. "ಹಾಗಲ್ಲ. ಬಾಗಿಲಿಗೆ ದೂರದ ಕೈ ಚಾಚಿ ತೆಗಿ." ಹಾಗೆ ಮಾಡಿದಾಗ ಅವನ ಭುಜ ತಿರುಗಿತು, ಕತ್ತು ತಿರುಗಿತು, ಹಿಂದಿನ ರಸ್ತೆ ಪೂರ್ತಿ ಕಣ್ಣಿಗೆ ಬಿತ್ತು. ಒಬ್ಬ ಸೈಕಲ್ಲಿನವನು ಬರುತ್ತಿದ್ದ. ಹಾರ್ನಪ್ಪ ಬಾಗಿಲು ಹಿಡಿದುಕೊಂಡೇ ಕಾದ. ಅವನು ದಾಟಿ ಹೋದ ಮೇಲೆ ಇಳಿದ.

"ಇಷ್ಟೇನಾ ತಾತ?"

"ಇಷ್ಟೇ. ಇದಕ್ಕಾಗಿ ಎಷ್ಟು ತಲೆ ಒಡೀಬೇಕೋ."

ಅಂದಿನಿಂದ ಅವನು ಬದಲಾದ, ನಿಜ. ಅಮ್ಮನಿಗೂ ದೂರದ ಕೈಯಿಂದ ಬಾಗಿಲು ತೆಗೆಯುವುದನ್ನು ಕಲಿಸಿದ. ಲಾಂಡ್ರಿಯ ಬೇರೆ ಡ್ರೈವರುಗಳಿಗೆ ಹೇಳಿದ. ಎರಡು ದಿನ ಮಾಡಿದರು, ಮೂರನೆಯ ದಿನ ಮರೆತರು. ಈಗ ಮುಂದೆ ಸೈಕಲ್ ಇದ್ದರೆ ಅವನು ಹಾರ್ನ್ ಮುಟ್ಟುವುದಿಲ್ಲ, ಜಾಗ ಸಿಗುವ ತನಕ ಹಿಂದೆಯೇ ಹೋಗುತ್ತಾನೆ. ಅವನ ಹಿಂದಿನವರು ಹುಚ್ಚೆದ್ದು ಹಾರ್ನ್ ಹೊಡೆಯುತ್ತಾರೆ. ಪಕ್ಕಕ್ಕೆ ಬಂದು ಕಿಟಕಿಯಿಂದ ತಲೆ ಹೊರಹಾಕಿ ಬೈಯುತ್ತಾರೆ. ಆ ಬೈಗುಳ ಒಂದೊಂದೂ ಅವನಿಗೆ ಬಾಯಿಪಾಠ.

ಮೊನ್ನೆ ಅವನು ತಂಗಿಯ ಸೈಕಲ್ ಒರೆಸಿ, ಗಾಳಿ ತುಂಬಿ ಬಾಗಿಲಿಗೆ ತಂದ. ಅವಳು ಈಗ ಮುಕ್ಕಾಲು ಗಂಟೆ ನಡೆದೇ ಡೇರಿಗೆ ಹೋಗುತ್ತಾಳೆ.

"ಸೈಕಲ್ ಹತ್ತು, ಪುಟ್ಟಿ. ತಾತ ಹೇಳಿದ ಹಾಗೆ ಗೆರೆ ಆಚೆಗೇ ಹೋಗು. ನಾನು ನಿನ್ನ ಹಿಂದೆ ಬರ್ತೀನಿ. ಒಂದು ಸಲಾನೂ ಹಾರ್ನ್ ಹೊಡೆಯಲ್ಲ. ಅಮ್ಮನಾಣೆ."

ಅವಳು ಅಣ್ಣನನ್ನು ತುಂಬ ಪ್ರೀತಿಯಿಂದಲೇ ನೋಡಿದಳು.

"ನೀನು ಹೊಡೆಯಲ್ಲ ಅಂತ ಗೊತ್ತು ಅಣ್ಣ. ನಿನ್ನ ಹಿಂದೆ ಇರೋನು?"

ಹಾರ್ನಪ್ಪ ಸೈಕಲ್ಲನ್ನು ಮತ್ತೆ ಗೋಡೆಗೆ ಒರಗಿಸಿದ. ಅವಳು ಚೀಲ ಹೆಗಲಿಗೇರಿಸಿ ನಡೆದುಕೊಂಡು ಹೋದಳು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಅವನ ಹಿಂದೆ ಇರುವವರು ನೀವು. ಅವಳ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದೆ, ಅವನ ಹತ್ತಿರ ಇಲ್ಲ. ರಸ್ತೆಯ ನಡುವೆ ಸೈಕಲ್ ಹೋಗುತ್ತಿದ್ದರೆ ಅದು ಕೊಬ್ಬು ಅಂದುಕೊಳ್ಳಬೇಡಿ, ನಿಂತ ಗಾಡಿಗಳ ಬಾಗಿಲಿಗೆ ಹೆದರಿ ಆ ಜೀವ ಅಲ್ಲಿಗೆ ಬಂದಿದೆ. ಹಾರ್ನ್ ಹೊಡೆದು ಓರಕ್ಕೆ ಅಟ್ಟಬೇಡಿ. ಅರ್ಧ ನಿಮಿಷ ಕಾಯಿರಿ, ಒಂದು ಬಾಗಿಲಿನಷ್ಟು ಜಾಗ ಬಿಟ್ಟು ದಾಟಿ. ಗಾಡಿ ನಿಲ್ಲಿಸಿದ ಮೇಲೆ ದೂರದ ಕೈಯಿಂದ ಬಾಗಿಲು ತೆಗೆಯಿರಿ, ತಿರುಗಿ ನೋಡಿ ಇಳಿಯಿರಿ, ಪಕ್ಕದಲ್ಲಿ ಕೂತವರಿಗೂ ಮಕ್ಕಳಿಗೂ ಹೇಳಿ. ಆ ಹೆಣ್ಣುಮಗಳಿಗೆ ಹೋದದ್ದು ಮರಳುತ್ತದೆಂದು ನಾವು ಸುಳ್ಳು ಹೇಳುವುದಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಗಾಡಿಯ ಮುಂದೆ ಇನ್ನೊಬ್ಬಳು ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುತ್ತಿರುತ್ತಾಳೆ. ಅವಳನ್ನಾದರೂ ಹೋಗಲು ಬಿಡಿ.