ಗೋದಮ್ಮನ ಉಗ್ರಾಣ

ಮಲ್ಲೇಶ್ವರದಲ್ಲಿ ಗೋದಮ್ಮನ ಮನೆಯ ಮಹಡಿಗೆ ಬಾಡಿಗೆಗೆ ಬಂದ ಹುಡುಗಿಯ ಹೆಸರು ಶಿನ್‌ಯೀ. ತೈವಾನ್ ದೇಶದ ತೈನಾನ್ ಊರಿನವಳು. ಸಂಪಿಗೆ ರಸ್ತೆಯ ಹತ್ತಿರ ವಿದೇಶಿ ಭಾಷೆಗಳನ್ನು ಹೇಳಿಕೊಡುವ ಸಂಸ್ಥೆಯೊಂದರಲ್ಲಿ ಚೀನೀ ಭಾಷೆ ಕಲಿಸುತ್ತಿದ್ದಳು. ಅವಳ ಹೆಸರು ಗೋದಮ್ಮನ ಬಾಯಲ್ಲಿ ಮೊದಲ ವಾರವೇ ಚಿನ್ನಿ ಆಗಿಬಿಟ್ಟಿತು. ಹಾಲಿನ ಬೂತಿನ ಮಂಜುನಾಥ್ ಮಾತ್ರ, ಚೈನಾದವಳಾದ್ದರಿಂದ ಚಿನ್ನಿ ಅಂತಾರೆ ಎಂದುಕೊಂಡಿದ್ದ.

"ಚೈನಾ ಅಲ್ಲಪ್ಪ, ತೈವಾನ್. ಅವರಿಬ್ಬರಿಗೂ ಆಗಿಬರಲ್ಲ," ಎಂದು ಗೋದಮ್ಮ ಅವನನ್ನು ತಿದ್ದಿದ್ದರು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು; ತಪ್ಪು ಕಂಡರೆ ಸುಮ್ಮನಿರುವ ಜನ ಅಲ್ಲ.

ಆ ಮೇ ತಿಂಗಳಲ್ಲಿ ಗಡಿಯ ಸುದ್ದಿ ಬಿಗಿಯಾಗುತ್ತಾ ಹೋಯಿತು. ದೇಶದ ಊರೂರುಗಳಲ್ಲಿ ಸೈರನ್ ಕೂಗಿಸಿ ಮಾಕ್ ಡ್ರಿಲ್ ಮಾಡುತ್ತಾರೆ, ಬೆಂಗಳೂರಲ್ಲೂ ಮಾಡುತ್ತಾರೆ ಎಂದು ಟೀವಿಯಲ್ಲಿ ಬಂತು. ಗೋದಮ್ಮನ ಯಜಮಾನರು ರಾಮಸ್ವಾಮಿ, ಎಪ್ಪತ್ತೊಂದರ ಯುದ್ಧದ ನೆನಪಿನವರು, ಯಾರೂ ಹೇಳದಿದ್ದರೂ ಬೆಳಕು ಹೊರಗೆ ಕಾಣದಂತೆ ಕಿಟಕಿ ಗಾಜಿಗೆಲ್ಲ ಮೈದಾ ಗೋಂದು ಹಾಕಿ ಖಾಕಿ ಕಾಗದ ಅಂಟಿಸಿದರು. ಮಗ ವಾದಿರಾಜ, "ಅಪ್ಪ, ಡ್ರಿಲ್ ಹಗಲು ಹೊತ್ತಲ್ಲಿ" ಎಂದರೂ ಕೇಳಲಿಲ್ಲ.

ಶಿನ್‌ಯೀಯ ಸಂಸ್ಥೆಯಲ್ಲೂ ಅದೇ ಮಾತು. ಜರ್ಮನ್ ಕಲಿಸುವಾತ ದೂತಾವಾಸಕ್ಕೆ ಫೋನ್ ಮಾಡಿ ಮಾಡಿ ಸುಸ್ತಾಗಿದ್ದ. ಜಪಾನಿ ಟೀಚರ್ ನೀರಿನ ಕ್ಯಾನ್, ಬಿಸ್ಕೆಟ್ಟು, ಬ್ಯಾಟರಿ ಎಲ್ಲ ತಂದು ಜೋಡಿಸಿಕೊಂಡಿದ್ದಳು. ಶಿನ್‌ಯೀಗೆ ಮಾತ್ರ ನಗು.

"ಆಂಟಿ, ಹೆದರಿಕೆ ಬೇಡ," ಎಂದಳು ತಾನು ಕಲಿತ ಕನ್ನಡದಲ್ಲಿ. "ನಮ್ಮೂರಲ್ಲಿ ಪ್ರತಿ ವರ್ಷ ಇದೆ. ಸೈರನ್ ಬರುತ್ತೆ, ಬಸ್ ನಿಲ್ಲುತ್ತೆ, ಎಲ್ಲರೂ ಒಳಗೆ ಹೋಗ್ತಾರೆ. ರೋಡ್ ಪೂರ್ತಿ ಖಾಲಿ. ಚಿಕ್ಕವಳಿದ್ದಾಗ ನನಗೆ ತುಂಬಾ ಇಷ್ಟ."

"ಇಷ್ಟ ಅಂತೆ!" ಗೋದಮ್ಮ ಗಲ್ಲದ ಮೇಲೆ ಕೈಯಿಟ್ಟರು.

ಡ್ರಿಲ್ ದಿನ ಮಧ್ಯಾಹ್ನದ ಕ್ಲಾಸು ರದ್ದಾಗಿ ಶಿನ್‌ಯೀ ಕೆಳಗೆ ಬಂದು ಕೂತಿದ್ದಳು. ಗೋದಮ್ಮ ಕಾಫಿಗೆ ಹಾಲು ಇಟ್ಟಿದ್ದರು. ಆಗ ಕೂಗಿತು ಸೈರನ್, ಏರುತ್ತಾ ಇಳಿಯುತ್ತಾ. ಶಿನ್‌ಯೀ ಏನೂ ಯೋಚಿಸದೆ ಎದ್ದು ಗ್ಯಾಸ್ ಆರಿಸಿದಳು, ಲೈಟು, ಫ್ಯಾನು ಆಫ್ ಮಾಡಿದಳು, ಕಿಟಕಿ ಮುಚ್ಚಿದಳು. ತಿರುಗಿ ನೋಡಿದರೆ ಗೋದಮ್ಮ ಇಲ್ಲ. ಗೇಟಿನ ಹತ್ತಿರ ನಿಂತಿದ್ದಾರೆ! ಅವರಷ್ಟೇ ಅಲ್ಲ, ಇಡೀ ರಸ್ತೆ ಹೊರಗೆ ಬಂದಿದೆ. ಕೆಲವರು ಫೋನ್ ಎತ್ತಿ ವೀಡಿಯೊ ಮಾಡುತ್ತಿದ್ದಾರೆ. ಎದುರು ಮನೆಯ ಮಧುಸೂದನ್ ರಸ್ತೆಯ ಮಧ್ಯೆ ನಿಂತು, "ಎಲ್ಲಾ ಒಳಗೆ ಹೋಗ್ರಿ, ಒಳಗೆ!" ಎಂದು ಕೂಗುತ್ತಿದ್ದಾರೆ.

"ಆಂಟಿ! ಯಾಕೆ ಎಲ್ಲರೂ ಹೊರಗೆ?"

"ಸದ್ದು ಎಲ್ಲಿಂದ ಬರ್ತಿದೆ ನೋಡ್ಬೇಡ್ವೇನೆ?"

ಶಿನ್‌ಯೀ ಅವರ ಕೈ ಹಿಡಿದು ಒಳಗೆ ಎಳೆದುಕೊಂಡು ಬರುವಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ತೈನಾನಿನಿಂದ ಅವಳ ತಾಯಿ ಶೂಫೆನ್ ವೀಡಿಯೊ ಕರೆ ಮಾಡಿದ್ದರು. ಮೂರು ದಿನದಿಂದ ಇಂಡಿಯಾದ ಸುದ್ದಿ ನೋಡಿ ನೋಡಿ ಬೆದರಿದ್ದ ಹೆಂಗಸು. ಮಗಳು ಫೋನ್ ಎತ್ತುತ್ತಲೇ ಕಿವಿಗೆ ಬಿದ್ದದ್ದು ಸೈರನ್. ಶೂಫೆನ್ ಅಳುವುದಕ್ಕೇ ಶುರುಮಾಡಿದರು. ಶಿನ್‌ಯೀ ಮೊದಲು ಸಮಾಧಾನವಾಗಿ ಮಾತಾಡಿದಳು. ಆಮೇಲೆ ದನಿ ಏರಿತು. ಕೊನೆಗೆ ಅವಳ ಕಣ್ಣಲ್ಲೂ ನೀರು ಬಂತು.

"ಏನಂತಾರೆ?" ಎಂದರು ಗೋದಮ್ಮ.

"ಇವತ್ತೇ ಬಾ ಅಂತಾರೆ. ಟಿಕೆಟ್ ಮಾಡಿಸ್ತಾರಂತೆ. ಅಲ್ಲಿ ಚೈನಾ ಫೈಟರ್ ಪ್ಲೇನ್ ಬಂದಿದೆ ಅಂದ್ರೂ ಅಮ್ಮ ತರಕಾರಿ ತರೋಕೆ ಹೋಗ್ತಾರೆ. ಇಲ್ಲಿ ಬರೀ ಡ್ರಿಲ್ ಅಂದ್ರೆ ಅಳು!" ಶಿನ್‌ಯೀ ಮೂಗು ಒರೆಸಿಕೊಂಡಳು. "ಬಾಂಬ್ ಬಂದ್ರೆ ತೈವಾನಲ್ಲಿ ಎಲ್ಲಿ ಹೋಗಬೇಕು ಅಮ್ಮನಿಗೆ ಗೊತ್ತಂತೆ, ಇಂಡಿಯಾದಲ್ಲಿ ನೀನು ಎಲ್ಲಿ ಹೋಗ್ತೀಯ, ಅಂತ ಕೇಳ್ತಾರೆ. ನನಗೆ ಗೊತ್ತಿಲ್ಲ, ಆಂಟಿ. ಏನು ಹೇಳಲಿ?"

ಗೋದಮ್ಮ ಕೈಯೊಡ್ಡಿದರು. "ಕೊಡು ಇಲ್ಲಿ."

ಫೋನನ್ನು ಮುಖದ ಹತ್ತಿರ ಹಿಡಿದು ಒಂದು ಕೈಯಲ್ಲೇ ನಮಸ್ಕಾರ ಮಾಡಿದರು. "ನೋಡಿ, ನಾನು ಗೋದಾ. ಅಳಬೇಡಿ, ನನ್ನ ಜೊತೆ ಬನ್ನಿ," ಎಂದು ಕನ್ನಡದಲ್ಲೇ ಹೇಳಿ ನಡೆದರು. ಅಡುಗೆಮನೆ ತೋರಿಸಿದರು. ಹಿತ್ತಲಿನ ಬಾವಿ ತೋರಿಸಿದರು. "ಈಗಲೂ ನೀರಿದೆ, ಕುದಿಸಿ ಕುಡೀಬಹುದು." ಅಡುಗೆಮನೆಗೂ ದೇವರಮನೆಗೂ ನಡುವೆ ಉಗ್ರಾಣವಿತ್ತು, ಕಿಟಕಿಯಿಲ್ಲದ ಸಾಮಾನಿನ ಕೋಣೆ. ಅದರ ಬಾಗಿಲು ನೂಕಿದರು. ಅಕ್ಕಿ ಡ್ರಮ್ಮು, ಬೇಳೆ ಡಬ್ಬ, ಉಪ್ಪಿನಕಾಯಿ ಜಾಡಿಗಳು. ರಾಮಸ್ವಾಮಿ ಡ್ರಿಲ್ಲಿನ ನಿಯಮದಂತೆ ಟಾರ್ಚು ಹಿಡಿದು ಅಲ್ಲೇ ಮಣೆಯ ಮೇಲೆ ಕೂತಿದ್ದರು. ಫೋನ್ ಕಂಡು ಎದ್ದು ನಿಂತರು.

"ಗೋಡೆ ನೋಡಿ," ಗೋದಮ್ಮ ಅಂಗೈಯಿಂದ ಬಡಿದು ತೋರಿಸಿದರು. "ನಮ್ಮ ಮಾವನವರು ಕಟ್ಟಿಸಿದ್ದು, ಕಲ್ಲಿನ ಗೋಡೆ. ಮೊಳೆ ಹೊಡೆದ್ರೂ ಇಳಿಯಲ್ಲ."

ಶಿನ್‌ಯೀ ಹಿಂದಿನಿಂದ ಒಂದೊಂದಾಗಿ ತಾಯಿಗೆ ಹೇಳುತ್ತಾ ಬಂದಳು. ಶೂಫೆನ್‌ರ ಅಳು ನಿಂತಿತ್ತು. ಮುಖ ಮುಂದೆ ಚಾಚಿ ನೋಡುತ್ತಿದ್ದರು. ಏನೋ ಕೇಳಿದರು.

"ಒಳಗೆ ಎಷ್ಟು ಜನ ಮಲಗಬಹುದು ಅಂತ ಕೇಳ್ತಾರೆ."

"ನಾವೆಲ್ಲ ಹಿಡೀತೀವಿ. ಇವಳು ಅಲ್ಲಿ, ಗೋಡೆ ಪಕ್ಕ." ಗೋದಮ್ಮ ಡ್ರಮ್ಮಿನ ಪಕ್ಕದ ಜಾಗ ತೋರಿಸಿದರು. "ಬಾಗಿಲ ಕಡೆ ನಾನು ಮಲಗ್ತೀನಿ."

ಶಿನ್‌ಯೀ ಆ ಜಾಗವನ್ನೇ ನೋಡಿದಳು. ತಾಯಿ ಎರಡು ಸಲ ಕೇಳಿದ ಮೇಲೆ ಹೇಳಿದಳು. ಶೂಫೆನ್ ತಲೆ ಬಗ್ಗಿಸಿ ನಮಸ್ಕರಿಸಿದರು. ಅಷ್ಟರಲ್ಲಿ ಹೊರಗೆ ಸೈರನ್ ಏರಿಳಿತವಿಲ್ಲದೆ ಒಂದೇ ಸಮನೆ ಕೂಗಿ ಡ್ರಿಲ್ ಮುಗಿಯಿತೆಂದು ಸಾರಿತು.

"ಅವರು ಎಲ್ಲಿ ಹೋಗ್ತಾರಂತೆ, ಕೇಳು," ಎಂದರು ಗೋದಮ್ಮ.

ಶೂಫೆನ್ ತಕ್ಷಣ ಚಪ್ಪಲಿ ಮೆಟ್ಟಿದರು. ತಾವೂ ತೋರಿಸದಿದ್ದರೆ ಮರ್ಯಾದೆಯಲ್ಲ ಎಂಬಂತೆ. ಲಿಫ್ಟಿನಲ್ಲಿ ಅವರ ಕಟ್ಟಡದ ನೆಲಮಾಳಿಗೆಗೆ ಇಳಿದರು. ಮಬ್ಬು ಬೆಳಕು, ಸಾಲು ಸ್ಕೂಟರುಗಳು, ಎಲ್ಲೋ ಪಂಪಿನ ಸದ್ದು. ಶೂಫೆನ್ ಅಡಗುವ ಕೋಣೆಯ ಕಬ್ಬಿಣದ ಬಾಗಿಲಿನತ್ತ ಕೈ ತೋರಿಸುತ್ತಿದ್ದಂತೆ ಚಿತ್ರ ನಿಂತುಹೋಯಿತು. ಆಮೇಲೆ ಕರೆಯೇ ಕಟ್ಟಾಯಿತು.

"ಏನಾಯ್ತು?" ಗೋದಮ್ಮನ ದನಿ ಬದಲಾಗಿತ್ತು.

"ಕೆಳಗೆ ಸಿಗ್ನಲ್ ಇಲ್ಲ, ಆಂಟಿ."

"ಇಲ್ಲ ಅಂದ್ರೆ? ನಿಜವಾಗಿ ಏನಾದ್ರೂ ಆದ್ರೆ ಅಲ್ಲಿಂದ ನಿನಗೆ ಹೇಗೆ ಫೋನ್ ಮಾಡ್ತಾರೆ? ನೀನಿಲ್ಲಿ, ಅವರಲ್ಲಿ ಆ ಕತ್ತಲಲ್ಲಿ ಒಬ್ಬರೇ?"

ಅಷ್ಟು ದಿನ ನಕ್ಕಿದ್ದ ಶಿನ್‌ಯೀ ತಾಯಿಗೆ ಮತ್ತೆ ಕರೆ ಮಾಡಿದಳು, ಹೋಗಲಿಲ್ಲ. ತಾನು ಎಂದೂ ಕೇಳಿಕೊಳ್ಳದ ಪ್ರಶ್ನೆ ಅದು. ಫೋನ್ ಹಿಡಿದು ಅಕ್ಕಿ ಡ್ರಮ್ಮಿಗೆ ಒರಗಿ ಕೂತಳು. ಗೋದಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟರು. ರಾಮಸ್ವಾಮಿ ಟಾರ್ಚು ಆರಿಸುವುದನ್ನೂ ಮರೆತು ನಿಂತಿದ್ದರು.

ಕೊನೆಗೆ ಫೋನ್ ಹೊಡೆದುಕೊಂಡಿತು. ಶೂಫೆನ್ ಮೇಲೆ ಬಂದಿದ್ದರು. ಕೂದಲಿಗೆ ಜೇಡರ ಬಲೆ ಅಂಟಿತ್ತು, ಮುಖದಲ್ಲಿ ಸಿಟ್ಟು, ಸಿಟ್ಟಿನ ನಡುವೆ ನಗು.

"ಆ ಬಾಗಿಲಿಗೆ ಅಡ್ಡ ಯಾರೋ ಸ್ಕೂಟರ್ ನಿಲ್ಲಿಸಿದ್ದಾರಂತೆ," ಶಿನ್‌ಯೀ ನಗುತ್ತಾ ಕಣ್ಣೊರೆಸಿಕೊಂಡಳು. "ಈಗಲೇ ಅಸೋಸಿಯೇಷನ್‌ನವರ ಹತ್ತಿರ ಜಗಳಕ್ಕೆ ಹೋಗ್ತಾರಂತೆ."

"ಹೋಗ್ಲಿ, ಬಿಡಬಾರ್ದು," ಎಂದರು ರಾಮಸ್ವಾಮಿ. "ಈ ಅಸೋಸಿಯೇಷನ್‌ನೋರು ಎಲ್ಲಾ ಕಡೆ ಒಂದೇ."

"ಜಗಳ ಆಮೇಲಾಡ್ಲಿ. ಸಿಗ್ನಲ್ ಸಿಗೋ ಜಾಗ ಎಲ್ಲಿದೆ, ಮೊದಲು ಅದನ್ನ ನೋಡಿಟ್ಕೊಳ್ಳಕ್ಕೆ ಹೇಳು," ಎಂದರು ಗೋದಮ್ಮ.

ಶಿನ್‌ಯೀ ಹೇಳಿದಳು. ಶೂಫೆನ್ ಆಗಲಿ ಎಂದು ತಲೆಯಾಡಿಸಿದರು. ಟಿಕೆಟ್ಟಿನ ಮಾತನ್ನು ಅವರು ಎತ್ತಲಿಲ್ಲ. ಶಿನ್‌ಯೀಯೂ ನೆನಪಿಸಲಿಲ್ಲ.